ಮೀನಿನ ತೊಟ್ಟಿಗೆ ಕರೆಯದೆ ಬಂದ ಬಸವನಹುಳು

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತಲಿನ ಅಂಗಡಿಗಳಿಂದ ಬಣ್ಣದ ಮೀನುಗಳನ್ನೂ ನಾಲ್ಕಾರು ಜಲಸಸ್ಯಗಳನ್ನೂ ಕೊಂಡು ತಂದು, ನಡುಮನೆಯಲ್ಲಿ ಗಾಜಿನ ತೊಟ್ಟಿಯೊಂದನ್ನು ಇರಿಸಿಕೊಳ್ಳುವುದು ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಅನೇಕ ಗೃಹಸ್ಥರಿಗೆ ಪ್ರಿಯವಾದ ಹವ್ಯಾಸವಾಗಿದೆ. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು ಗಾತ್ರದ ಜೀವಿಯೊಂದು ತೆವಳುತ್ತಿರುವುದು ಮಕ್ಕಳ ಕಣ್ಣಿಗೆ ಬೀಳುತ್ತದೆ. ಕೆಲವೇ ದಿನಗಳಲ್ಲಿ ಅದು ಹತ್ತಾಗಿ, ಮುಂದೆ ಎಣಿಕೆಗೆ ಸಿಗದಷ್ಟಾಗುತ್ತದೆ. ತಂದವರಿಲ್ಲ, ಬಿಟ್ಟವರಿಲ್ಲ, ಇವು ಎಲ್ಲಿಂದ ಬಂದವು ಎಂಬ ಪ್ರಶ್ನೆಯೂ, ಅದರ ಬೆನ್ನಿಗೇ ಇವನ್ನು ಕೊಲ್ಲುವ ಔಷಧ ಯಾವುದು ಎಂಬ ಪ್ರಶ್ನೆಯೂ ಏಳುತ್ತವೆ. ಎರಡನೆಯದನ್ನು ಕೇಳುವ ಮುನ್ನ ಮೊದಲನೆಯದನ್ನು ನಿಧಾನವಾಗಿ ವಿಚಾರಿಸುವುದು ಲೇಸು.

ನಮ್ಮ ಪ್ರಾಚೀನರು ಜೀವಿಗಳನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜವೆಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು. ತೇವದಿಂದ ತಾನಾಗಿ ಹುಟ್ಟಿದಂತೆ ತೋರುವವು ಸ್ವೇದಜಗಳು. ಮನೆಯ ಹಿರಿಯರು ಈ ಹುಳುವನ್ನು ಆ ಗುಂಪಿಗೆ ಸೇರಿಸಿದರೆ ಆಶ್ಚರ್ಯವೇನೂ ಇಲ್ಲ. ವಾಸ್ತವದಲ್ಲಿ ಇವುಗಳಲ್ಲಿ ಹೆಚ್ಚಿನವು ಅಂಡಜಗಳೇ. ಕೊಂಡು ತಂದ ಗಿಡದ ಎಲೆಯ ಹಿಂಬದಿಯಲ್ಲಿ, ಬೇರಿನ ಸಂದಿಯಲ್ಲಿ ಅಂಟಿಕೊಂಡ ಲೋಳೆಯ ಹನಿಯೊಳಗೆ ಹತ್ತಾರು ಮೊಟ್ಟೆಗಳಿರುತ್ತವೆ. ಅದು ನೀರಿನಷ್ಟೇ ಪಾರದರ್ಶಕವಾದುದರಿಂದ ಮಾರುವವನಿಗೂ ಕಾಣದು, ಕೊಳ್ಳುವವನಿಗೂ ಕಾಣದು. ಒಂದೆರಡು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಇವುಗಳಲ್ಲಿ ಹಲವು ಜಾತಿಗಳು ಉಭಯಲಿಂಗಿಗಳಾಗಿದ್ದು, ಒಂಟಿಯಾಗಿ ಬಂದರೂ ಸಂತಾನವನ್ನು ಬೆಳೆಸಬಲ್ಲವು.

ವೃಷಭ ಶಬ್ದದ ತದ್ಭವವೇ ಬಸವ. ತಲೆಯ ಮೇಲೆ ಕೊಂಬಿನಂತೆ ಚಾಚಿದ ಎರಡು ಮೀಸೆಗಳನ್ನು ಕಂಡೇ ಕನ್ನಡಿಗರು ಈ ಬಡಜೀವಿಗೆ ಇಷ್ಟು ದೊಡ್ಡ ಹೆಸರನ್ನಿಟ್ಟಿರಬೇಕು. ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು ಬಗೆ. ಮೊದಲನೆಯದು ಫೈಸೆಲ್ಲಾ ಅಕ್ಯೂಟಾ. 1805ರಲ್ಲಿ ಫ್ರಾನ್ಸಿನಲ್ಲಿ ಇದಕ್ಕೆ ನಾಮಕರಣವಾದರೂ ಇದರ ಮೂಲ ಉತ್ತರ ಅಮೆರಿಕ. ಚಿಪ್ಪಿನ ತುದಿಯನ್ನು ಮೇಲಾಗಿ ಹಿಡಿದರೆ ಇದರ ಬಾಯಿ ಎಡಕ್ಕಿರುತ್ತದೆ. ಜನರು ದುಬಾರಿ ಬೆಲೆ ತೆತ್ತು ಅರಸುವ ಬಲಮುರಿ ಶಂಖವನ್ನು ಹಾಗೆಯೇ ಹಿಡಿದು ನೋಡಿದರೆ ಅದರ ಬಾಯಿಯೂ ಎಡಕ್ಕೇ ಬರುತ್ತದೆ! ಅಲ್ಲಿ ಅಪೂರ್ವವಾದ ಸುರುಳಿ ಇಲ್ಲಿ ಹುಟ್ಟುಗುಣ. ಎರಡನೆಯದು ಚಪ್ಪಟೆಯಾಗಿ ಸುತ್ತಿಕೊಂಡ ಇಂಡೋಪ್ಲಾನೋರ್ಬಿಸ್. ಇದು ನಮ್ಮ ನೆಲದ್ದೇ. ಕೆರೆಕುಂಟೆಗಳಲ್ಲಿ ಇದು ದನಗಳಿಗೆ ಗೊರಕೆ ರೋಗವನ್ನು ತರುವ ಪರೋಪಜೀವಿಗೆ ಆಶ್ರಯ ಕೊಡುತ್ತದೆಂಬುದನ್ನು ಹಸು ಸಾಕಿದವರು ತಿಳಿದಿರಬೇಕು. ಬಸವನ ಹೆಸರಿನ ಹುಳುವಿನಿಂದ ಬಸವನಿಗೇ ಬಾಧೆ! ಮೂರನೆಯದು ತುತ್ತೂರಿಯಾಕಾರದ ಮೆಲನಾಯ್ಡಿಸ್. ಇದು ಮೊಟ್ಟೆಯಿಡದೆ ಮರಿಯನ್ನೇ ಹಡೆಯುತ್ತದೆ. ಗಂಡಿನ ನೆರವೂ ಇದಕ್ಕೆ ಬೇಡ.

ಇವು ಆರೋಗ್ಯವಾಗಿರುವ ಗಿಡವನ್ನು ತಿನ್ನುವುದು ಅಪರೂಪ. ಪಾಚಿ, ಕೊಳೆತ ಎಲೆ, ಮೀನು ಬಿಟ್ಟ ಆಹಾರ, ಇವೇ ಇವುಗಳ ಅನ್ನ. ಆದುದರಿಂದ ಹುಳು ಹೆಚ್ಚಿತೆಂದರೆ ತೊಟ್ಟಿಯಲ್ಲಿ ಎಂಜಲು ಹೆಚ್ಚಿದೆ ಎಂದೇ ಅರ್ಥ. ಮನೆಯಲ್ಲಿ ಅಜ್ಜಿ ಒಮ್ಮೆ, ಮೊಮ್ಮಗ ಒಮ್ಮೆ, ಸಂಜೆ ಮನೆಯೊಡೆಯ ಒಮ್ಮೆ ಪ್ರೀತಿಯಿಂದ ಚಿಟಿಕೆ ಚಿಟಿಕೆ ಉದುರಿಸಿದರೆ ಮೂರು ಪಾಲಿನಲ್ಲಿ ಎರಡು ಪಾಲು ಸೇರುವುದು ಮರಳಿನೊಳಕ್ಕೆ. ಮೀನುಗಳು ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟನ್ನು ಮಾತ್ರ ಹಾಕಿ, ಬಾಡಿದ ಎಲೆಗಳನ್ನು ಕಿತ್ತು ತೆಗೆದರೆ ಕೆಲವು ವಾರಗಳಲ್ಲಿ ಇವುಗಳ ಸಂಖ್ಯೆ ತಾನಾಗಿ ಇಳಿಯುತ್ತದೆ. ರಾತ್ರಿ ಸೌತೆಕಾಯಿಯ ಹೋಳೊಂದನ್ನು ಇಳಿಬಿಟ್ಟು ಬೆಳಗ್ಗೆ ಅದಕ್ಕೆ ಮುತ್ತಿದವುಗಳ ಸಹಿತ ಎತ್ತಬಹುದು. ಹೊಸ ಗಿಡವನ್ನಂತೂ ಬೆರಳಿನಿಂದ ಉಜ್ಜಿ ತೊಳೆದು, ಎರಡು ವಾರ ಬೇರೆ ಬಕೆಟ್ಟಿನಲ್ಲಿಟ್ಟು ನೋಡಿಯೇ ತೊಟ್ಟಿಗೆ ಸೇರಿಸಬೇಕು.

ಹುಳು ಕೊಲ್ಲುವ ಔಷಧಗಳಲ್ಲಿ ಅನೇಕವು ತಾಮ್ರದ ಲವಣಗಳು, ಅಂದರೆ ಮೈಲುತುತ್ತದ ಬಂಧುಗಳು. ನೂರಾರು ಹುಳುಗಳು ಒಮ್ಮೆಗೇ ಸತ್ತು ಕೊಳೆತರೆ ಹುಟ್ಟುವ ಅಮೋನಿಯಾ ಮೀನುಗಳನ್ನೂ ಒಯ್ಯುತ್ತದೆ. ಸಿಗಡಿಗಳಿಗೆ ತಾಮ್ರವೇ ಸಾಕು. ಹುಳು ತಿನ್ನುವ ಮೀನನ್ನು ಬಿಡಿರೆಂದು ಹೇಳುವವರೂ ಉಂಟು. ಅಂಥ ಮೀನುಗಳಲ್ಲಿ ಒಂದು ಮೈತುಂಬ ಪಟ್ಟೆಗಳುಳ್ಳ ಬೋಟಿಯಾ ಸ್ಟ್ರಯಾಟಾ. ಇದನ್ನು 1920ರಲ್ಲಿ ತುಂಗಾ ನದಿಯಿಂದ ಗುರುತಿಸಿ ಲೋಕಕ್ಕೆ ತಿಳಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣರಾಯರು. ಪಶ್ಚಿಮ ಘಟ್ಟದ ಹೊಳೆಗಳಲ್ಲದೆ ಬೇರೆಲ್ಲೂ ಇಲ್ಲದ ಈ ಮೀನು ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. ನಾಲ್ಕು ಹುಳುಗಳಿಗಾಗಿ ತುಂಗೆಯನ್ನು ಬರಿದು ಮಾಡುವುದು ಯಾವ ನ್ಯಾಯ?

ಶರಣರ ಮನೆಗಳಲ್ಲಿ ಮತ್ತೊಂದು ತೊಡಕು ಏಳುತ್ತದೆ. ಕೊಲ್ಲಲು ಮನಸ್ಸೊಪ್ಪದೆ, ಎತ್ತಿದ ಹುಳುಗಳನ್ನು ಹಲಸೂರು ಕೆರೆಗೆ ಬಿಟ್ಟು ಬರೋಣವೆನ್ನುತ್ತಾರೆ. ಭಾವನೆ ಒಳ್ಳೆಯದೇ, ಕೆಲಸ ಒಳ್ಳೆಯದಲ್ಲ. ತೊಟ್ಟಿಯ ಗಾಜನ್ನು ಶುಚಿ ಮಾಡಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆ ಹೊರಬಿದ್ದು ದಕ್ಷಿಣ ಭಾರತದ ಹಲವು ಕೆರೆಹೊಳೆಗಳಲ್ಲಿ ನೆಲೆಯೂರಿದೆ. ಆ ಹಲಸೂರು ಕೆರೆಯಾದರೂ 2016ರ ಮಾರ್ಚಿನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ಕಂಡಿದೆ. ಅದಕ್ಕೆ ಹೊರಗಿನ ಹೊರೆ ಇನ್ನೂ ಬೇಕಿಲ್ಲ. ಗಾಜಿಗಂಟಿದ ಮೊಟ್ಟೆಗಳನ್ನು ಮರಿಯಾಗುವ ಮೊದಲೇ ಬಟ್ಟೆಯಿಂದ ಒರೆಸಿಬಿಡುವುದು, ಉಳಿದವನ್ನು ಆ ತೊಟ್ಟಿಯಲ್ಲಿಯೇ ಮಿತವಾಗಿ ಬಾಳಗೊಡುವುದು, ಇಷ್ಟೇ ನನಗೆ ಸರಿತೋರುವ ದಾರಿ.

ಬಾಳಗೊಟ್ಟರೆ ಉಪಕಾರವೂ ಇಲ್ಲದಿಲ್ಲ. ತುತ್ತೂರಿ ಹುಳು ಹಗಲೆಲ್ಲ ಮರಳಿನೊಳಗೆ ಹುದುಗಿದ್ದು ಅದನ್ನು ಸಡಿಲಿಸುತ್ತಿರುತ್ತದೆ. ಅದು ಕಿವಿರಿನಿಂದ ಉಸಿರಾಡುವ ಜೀವಿ. ಹಾಡುಹಗಲಲ್ಲೇ ಅವೆಲ್ಲವೂ ಗುಂಪಾಗಿ ಗಾಜನ್ನೇರಿ ನೀರಿನ ಮೇಲ್ಮೈಯತ್ತ ಹೊರಟರೆ ನೀರಿನಲ್ಲಿ ಪ್ರಾಣವಾಯು ಕುಂದಿರುವ ಸಂಭವವುಂಟು. ಆಗ ಮೊದಲು ಗಾಳಿಯ ಪಂಪು ನಡೆಯುತ್ತಿದೆಯೇ ಎಂದು ನೋಡಿ, ಒಂದು ದಿನ ತೆರೆದಿಟ್ಟು ಕ್ಲೋರಿನ್ ಕಳೆದ ನಲ್ಲಿಯ ನೀರಿನಿಂದ ತೊಟ್ಟಿಯ ಮೂರರಲ್ಲೊಂದು ಪಾಲನ್ನು ಬದಲಾಯಿಸಬೇಕು.