ತಲೆಗೆ ಅಡ್ಡ ಹಿಡಿದ ಆ ಕೈ

ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್ ಮೊಣಕಾಲೂರಿ ಕುಸಿದಿದ್ದಾನೆ. ಎರಡೂ ಕಡೆ ಹೆಂಗಸರು ದೊಣ್ಣೆ ಎತ್ತಿದ್ದಾರೆ. ಅವನ ಒಂದು ಕೈ ನೆಲಕ್ಕೆ, ಇನ್ನೊಂದು ತಲೆಗೆ ಅಡ್ಡ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1494ರಲ್ಲಿ ಬರೆದ ಈ ಶಾಯಿ ಚಿತ್ರ ಹ್ಯಾಂಬರ್ಗ್ ಕಲಾಸಂಗ್ರಹಾಲಯದಲ್ಲಿದೆ. ಡ್ಯೂರರ್ ಅಕ್ಕಸಾಲಿಗನ ಮಗ, ಆಗಿನ್ನೂ ಇಪ್ಪತ್ತಮೂರರ ಆಸುಪಾಸಿನ ಹುಡುಗ.

ಆ ಕಾಲದ ಯುರೋಪಿನಲ್ಲಿ ಬರೆಯುವ ಶಾಯಿಯನ್ನು ಮಾಚಿಕಾಯಿ, ಅನ್ನಭೇದಿ, ಗೋಂದು ಬೆರೆಸಿ ಮಾಡುತ್ತಿದ್ದರು. ಮೂರೂ ನಮ್ಮ ಗ್ರಂಥಿಗೆ ಅಂಗಡಿಗಳಿಗೆ ಹೊಸವಲ್ಲ. ಹಕ್ಕಿಯ ಗರಿಯೇ ಲೇಖನಿ. ಎಳೆದ ಗೆರೆಯನ್ನು ಅಳಿಸುವುದು ಸುಲಭವಲ್ಲ. ಕೈ ಅಳುಕಿದರೆ ಕಾಗದದ ಮೇಲೆ ಕಂಡೇ ಕಾಣುತ್ತದೆ. ಡ್ಯೂರರನ ಗೆರೆಯಲ್ಲಿ ಅಳುಕಿಲ್ಲ.

ಆದರೆ ಆ ಭಂಗಿ ಅವನದಲ್ಲ. ಇಟಲಿಯ ಚಿತ್ರಕಾರ ಮಾಂಟೆನ್ಯಾನ ಬಳಗದ್ದೆನ್ನುವ ಒಂದು ಅಚ್ಚುಚಿತ್ರದಿಂದ ತೆಗೆದುಕೊಂಡದ್ದು. ಅದಕ್ಕೂ ಹಿಂದೆ, ಗ್ರೀಕರ ಮಡಕೆಗಳ ಮೇಲೆ ಇದೇ ಆರ್ಫಿಯಸ್ ಹೀಗೆಯೇ ಕುಸಿದಿದ್ದಾನೆ. 1905ರಲ್ಲಿ ಆಬಿ ವಾರ್ಬುರ್ಗ್ ಎಂಬ ವಿದ್ವಾಂಸ ಹ್ಯಾಂಬರ್ಗಿನಲ್ಲೇ ಉಪನ್ಯಾಸ ಕೊಟ್ಟು ಈ ವಂಶಾವಳಿಯನ್ನು ಬಿಡಿಸಿಟ್ಟ. ಭಯ, ಕ್ರೋಧ, ಶೋಕ ಉಕ್ಕಿದಾಗ ಮೈ ತಾಳುವ ನಿಲುವನ್ನು ಹಳಬರು ಒಮ್ಮೆ ಕಂಡುಕೊಂಡರೆ, ಶತಮಾನಗಳಾಚೆಯ ಕಲಾವಿದರೂ ಅದನ್ನೇ ಹುಡುಕಿಕೊಂಡು ಹೋಗುತ್ತಾರೆ ಎಂದ. ಡ್ಯೂರರ್ ತಾನೂ ಅಷ್ಟಕ್ಕೇ ಬಿಡಲಿಲ್ಲ. ದೊಣ್ಣೆ ಎತ್ತಿದ ಹೆಣ್ಣನ್ನು ಕೆಲವೇ ವರ್ಷಗಳಲ್ಲಿ ತನ್ನ ಹರ್ಕ್ಯುಲಿಸ್ ಚಿತ್ರಕ್ಕೆ ತಂದ. ಇಲ್ಲಿ ಕೊಲ್ಲಲು ಬಂದವಳು ಅಲ್ಲಿ ಸದ್ಗುಣದ ದೇವತೆ!

ಇದು ಕದ್ದದ್ದಲ್ಲವೇ ಎಂದು ಮುಧೋಳದವರು ಕೇಳಲಾರರು. ಅವರೂರಿನ ರನ್ನ 'ಗದಾಯುದ್ಧ'ಕ್ಕೆ ಪಂಪಭಾರತದ ಹದಿಮೂರನೆಯ ಆಶ್ವಾಸವನ್ನು ಆಧರಿಸಿದ, ಭಾಸ ಮತ್ತು ಭಟ್ಟನಾರಾಯಣರ ನಾಟಕಗಳಿಂದಲೂ ಪಡೆದ. ಆದರೂ ಅವನ ದುರ್ಯೋಧನ ರನ್ನನ ದುರ್ಯೋಧನನೇ. ಪಡೆದದ್ದಕ್ಕೆ ತನ್ನ ಉಸಿರು ತುಂಬುವುದೇ ದೊಡ್ಡ ಕೆಲಸ. ಡ್ಯೂರರನೂ ಮಾಡಿದ್ದು ಅದನ್ನೇ: ಇಟಲಿಯ ಚಿತ್ರದ ಒಣ ಮರಗೆಲಸದಂಥ ಮೈಗೆ ಅವನ ಗೆರೆ ಮಾಂಸ ತುಂಬಿತು.

ನಮ್ಮ ಜಿಲ್ಲೆಯಲ್ಲೇ ಇಂಥ ಪಾಠವಿದೆ. ಬಾದಾಮಿಯ ಎರಡನೆಯ ಗುಹೆಯಲ್ಲೂ, 578ರ ಶಾಸನವಿರುವ ಮೂರನೆಯ ಗುಹೆಯಲ್ಲೂ ತ್ರಿವಿಕ್ರಮ ಕಾಲೆತ್ತಿ ನಿಂತಿದ್ದಾನೆ. ಭಂಗಿ ಒಂದೇ, ಬಿರುಸು ಬೇರೆ.

ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯ ಚಿತ್ರಕಲಾ ಶಿಕ್ಷಕರಲ್ಲಿ ಒಂದು ಕೋರಿಕೆ: ಮಕ್ಕಳನ್ನು ಬಾದಾಮಿಗೆ ಕರೆದೊಯ್ದಾಗ ರಬ್ಬರು ಕೊಡಬೇಡಿ, ಶಾಯಿ ಪೆನ್ನು ಕೊಡಿ. ಎರಡೂ ಗುಹೆಗಳ ಆ ಎತ್ತಿದ ಕಾಲನ್ನು ಬರೆಸಿ.