ಕುದುರೆ ಉಳಿಯಿತು, ಮುಂದೇನು?

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಸವಾರಿ ಸಿಗುತ್ತದೆಂದು ಗೊತ್ತಾದ ಕೂಡಲೇ ಅಲ್ಲಿಯವರೆಗೆ ಚೆನ್ನಾಗಿಯೇ ನಡೆಯುತ್ತಿದ್ದವನ ಕಾಲು ನೋಯತೊಡಗುತ್ತದೆ. ಆದರೆ ಆ ಕುದುರೆಯ ಕಾಲೇ ನೋಯತೊಡಗಿದರೆ?

ಬಸವನಗುಡಿ, ಗಾಂಧಿಬಜಾರ್ ಕಡೆ ಒಂದು ಕಾಲದಲ್ಲಿ ಜಟಕಾ ಬಂಡಿಗಳಿದ್ದವು. ಆಟೋರಿಕ್ಷಾಗಳು ಬಂದು ಅವು ಮರೆಯಾದವು. ಈಗ ಜಯನಗರ, ಜೆ.ಪಿ.ನಗರ, ಬನಶಂಕರಿಯ ಮಕ್ಕಳು ಕುದುರೆಯನ್ನು ಕಾಣುವುದು ಹೆಚ್ಚಾಗಿ ಮದುವೆಯ ಮೆರವಣಿಗೆಯಲ್ಲಿ. ಆಷಾಢ ಬಂತೆಂದರೆ ಮದುವೆಗಳಿಲ್ಲ. ಕುದುರೆಗೆ ದುಡಿಮೆಯಿಲ್ಲ, ಆದರೆ ಹಸಿವೆಗೆ ರಜೆಯಿಲ್ಲ. ಮಾಲೀಕನ ಕೈ ಖಾಲಿಯಾದಾಗ, ಅಥವಾ ಕುದುರೆ ಕುಂಟತೊಡಗಿದಾಗ, ಅದು ಬೀದಿಯ ಪಾಲಾಗುವುದುಂಟು.

ಕಸಾಯಿಖಾನೆ ಮತ್ತು ಬೀದಿ

ಅಮೆರಿಕದಲ್ಲಿ ಮುದಿಯಾದ ಅಥವಾ ಬೇಡವಾದ ಎಷ್ಟೋ ಕುದುರೆಗಳು ಹರಾಜುಕಟ್ಟೆಗೆ ಬರುತ್ತವೆ. ಅಲ್ಲಿನ ಕೊನೆಯ ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದವು. ಆಮೇಲೆ ಕುದುರೆಗಳನ್ನು ಲಾರಿಗಳಲ್ಲಿ ತುಂಬಿ ಗಡಿಯಾಚೆಗಿನ ಮೆಕ್ಸಿಕೊ ಮತ್ತು ಕೆನಡಾಗಳಿಗೆ ಸಾಗಿಸಲಾಯಿತು. ಹರಾಜಿನಲ್ಲಿ ಮಾಂಸದ ವ್ಯಾಪಾರಿಗಿಂತ ಹೆಚ್ಚು ಹಣ ಕೂಗಿ ಕುದುರೆಯನ್ನು ಬಿಡಿಸಿಕೊಂಡು, ಅದಕ್ಕೊಂದು ಮನೆ ಹುಡುಕುವ ಪ್ರಾಣಿಪ್ರಿಯರೂ ಅಲ್ಲಿದ್ದಾರೆ.

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳಲ್ಲಿ ಮಾಂಸಕ್ಕೆಂದು ಒಪ್ಪಿರುವ ಪ್ರಾಣಿಗಳ ಪಟ್ಟಿಯಲ್ಲಿ ಕುದುರೆ ಇಲ್ಲ. ಹಾಗಾಗಿ ಇಲ್ಲಿ ದಿಕ್ಕಿಲ್ಲದ ಕುದುರೆಯ ಕೊನೆ ಹೆಚ್ಚಾಗಿ ರಸ್ತೆಬದಿಯಲ್ಲೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ದೂಡಿ ಕೈಬಿಡುವುದು ಅಪರಾಧ. ಆದರೆ ಮೊದಲ ತಪ್ಪಿಗೆ ಅದು ವಿಧಿಸುವ ದಂಡ 10 ರೂಪಾಯಿಯಿಂದ 50 ರೂಪಾಯಿ ಮಾತ್ರ!

ಅಂಥದೇ ಒಂದು ರಸ್ತೆಬದಿಯ ದೃಶ್ಯ ಬೆಂಗಳೂರಿನ ಪ್ರಾಣಿದಯೆಯ ಇತಿಹಾಸಕ್ಕೂ ಕಾರಣವಾಯಿತು. 1959ರಲ್ಲಿ ಇಂಗ್ಲೆಂಡಿನ ಕ್ರಿಸ್ಟಲ್ ರೋಜರ್ಸ್ ಎಂಬ ಮಹಿಳೆ ದೆಹಲಿಯಲ್ಲಿ ಸಾಯುತ್ತ ಬಿದ್ದಿದ್ದ ಕುದುರೆಯೊಂದನ್ನು ಕಂಡರು. ಇನ್ನೂ ಜೀವವಿದ್ದ ಅದರ ಕಣ್ಣುಗಳನ್ನು ಕಾಗೆಗಳು ಕುಕ್ಕಿದ್ದವು. ಆಕೆ ಭಾರತದಲ್ಲೇ ಉಳಿದರು. ದೆಹಲಿ ಮತ್ತು ಜೈಪುರಗಳಲ್ಲಿ ಪ್ರಾಣಿಗಳಿಗೆ ಆಶ್ರಯ ಕಟ್ಟಿದರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು, 1991ರಲ್ಲಿ ‘ಕ್ಯೂಪಾ’ ಸಂಸ್ಥೆಯನ್ನು ಸ್ಥಾಪಿಸಿದರು. 1996ರಲ್ಲಿ ಅವರು ತೀರಿಕೊಂಡರೂ ಸಂಸ್ಥೆಯ ಕೆಲಸ ಮುಂದುವರಿದಿದೆ.

ಅನ್ನವೇ ವಿಷವಾದಾಗ

ಬಡಕಲು ಕುದುರೆಯನ್ನು ಕಂಡವರು ಕನಿಕರದಿಂದ ಬಕೆಟ್ ತುಂಬ ಹುರುಳಿಯನ್ನೋ ಅನ್ನವನ್ನೋ ಇಡುವುದುಂಟು. ಇದು ಅಪಾಯ. ಬಹುದಿನ ಉಪವಾಸವಿದ್ದ ದೇಹ ತನ್ನ ಕೊಬ್ಬು, ಸ್ನಾಯುಗಳನ್ನೇ ಕರಗಿಸಿಕೊಂಡು ಬದುಕಿರುತ್ತದೆ. ಒಮ್ಮೆಲೇ ಪಿಷ್ಟ ಒಳಹೊಕ್ಕರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿರುವ ರಂಜಕ, ಮೆಗ್ನೀಸಿಯಂಗಳು ಜೀವಕೋಶಗಳೊಳಗೆ ಸರಿದುಹೋಗುತ್ತವೆ. ಆಗ ಹೃದಯ ಮತ್ತು ಉಸಿರಾಟದ ಸ್ನಾಯುಗಳು ಸೋಲುತ್ತವೆ. ಕಾಪಾಡಿದ ಕೆಲವೇ ದಿನಗಳಲ್ಲಿ ಕುದುರೆ ಸಾಯಬಹುದು. ಆದ್ದರಿಂದ ಪಶುವೈದ್ಯರು ಕುದುರೆ ಮಸಾಲೆ ಸೊಪ್ಪು, ಒಣಹುಲ್ಲುಗಳನ್ನು ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹಲವು ಸಲ ಕೊಡಿಸುತ್ತಾರೆ.

ಇನ್ನೊಂದು ಸಂಗತಿ: ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅನ್ನನಾಳ ಜಠರವನ್ನು ಸೇರುವಲ್ಲಿನ ಸ್ನಾಯು ಅಷ್ಟು ಬಿಗಿ. ಕಸದ ರಾಶಿಯಲ್ಲಿ ತಿಂದ ಪ್ಲಾಸ್ಟಿಕ್ ಕರುಳಿಗೆ ಅಡ್ಡವಾದರೆ ತೀವ್ರ ಹೊಟ್ಟೆಶೂಲೆ ಬರುತ್ತದೆ. ಅದು ಪ್ರಾಣಕ್ಕೂ ಕುತ್ತು.

ಒಂದು ಸಣ್ಣ ಲೆಕ್ಕ

ಕಾಪಾಡಿದ ಕುದುರೆಗೆ ಹೊಸ ಮನೆ ಹುಡುಕುವುದು ನಾಯಿಮರಿಗೆ ಮನೆ ಹುಡುಕಿದಷ್ಟು ಸುಲಭವಲ್ಲ. 450 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 9 ಕಿಲೋ ಒಣಮೇವು ಬೇಕು. ಅಂದರೆ ವರ್ಷಕ್ಕೆ 3 ಟನ್ನಿಗೂ ಹೆಚ್ಚು. ಎಂಟನೆಯ ವಯಸ್ಸಿನಲ್ಲಿ ಉಳಿಸಿದ ಕುದುರೆ ಇಪ್ಪತ್ತೈದರವರೆಗೆ ಬದುಕಿದರೆ ಒಟ್ಟು ಮೇವು ಸುಮಾರು 55 ಟನ್! ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುವುದರಿಂದ ಆರೆಂಟು ವಾರಗಳಿಗೊಮ್ಮೆ ಅದನ್ನು ಕತ್ತರಿಸಿ ಸಮಮಾಡಬೇಕು. ಧನುರ್ವಾಯುವಿಗೆ ಲಸಿಕೆ ಹಾಕಿಸಬೇಕು. ಮನುಷ್ಯರಿಗೂ ಹರಡಬಲ್ಲ ಗ್ಲ್ಯಾಂಡರ್ಸ್ ರೋಗ ಇಲ್ಲವೆಂದು ರಕ್ತಪರೀಕ್ಷೆಯಿಂದ ಖಚಿತವಾಗುವವರೆಗೆ ಬೇರೆ ಕುದುರೆಗಳಿಂದ ದೂರ ಇಡಬೇಕು. ಆಮೇಲೆ ಜೊತೆಗಾರ ಬೇಕು. ಹಿಂಡಿನಲ್ಲಿ ಬದುಕುವ ಈ ಪ್ರಾಣಿ ಒಂಟಿಯಾಗಿ ಸುಖವಾಗಿರದು.

ಇಷ್ಟೆಲ್ಲ ಹೊರೆ ಹೊರಬಲ್ಲ ಮನೆಗಳು ಕಡಿಮೆ. ಹಾಗಾಗಿ ಕುದುರೆ ಬೀದಿಗೆ ಬೀಳುವ ಮೊದಲೇ ನೆರವಾಗುವುದು ಜಾಣತನ. ಆಷಾಢದ ತಿಂಗಳಲ್ಲಿ ಬಡ ಮಾಲೀಕನಿಗೆ ಮೇವು, ಕುಂಟುವ ಕಾಲಿಗೆ ಸಕಾಲದ ಚಿಕಿತ್ಸೆ ಸಿಕ್ಕರೆ ಎಷ್ಟೋ ಕುದುರೆಗಳು ತಮ್ಮ ಲಾಯದಲ್ಲೇ ಉಳಿದಾವು.

ವಿದ್ಯಾರ್ಥಿಗಳು ಮಾಡಬಹುದಾದದ್ದೂ ಇದೆ. ಬಿದ್ದ ಕುದುರೆಯನ್ನು ಕಂಡರೆ ಅದರ ಹಿಂಗಾಲಿನ ಬಳಿ ಹೋಗಬಾರದು. ಸುತ್ತ ಗುಂಪು ಸೇರಿಸಬಾರದು, ಧಾನ್ಯ ತಿನ್ನಿಸಬಾರದು. ದೊಡ್ಡವರನ್ನು ಕರೆದು, ಕುದುರೆ ತಲೆಯೆತ್ತಿ ಕುಡಿಯುವಂತಿದ್ದರೆ ನೀರು ಇಡಿಸಿ, ಬಿಸಿಲಿದ್ದರೆ ನೆರಳು ಮಾಡಿಸಬೇಕು. ಸ್ಥಳದ ಗುರುತು ಬರೆದುಕೊಂಡು ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೋ ಪ್ರಾಣಿದಯಾ ಸಂಸ್ಥೆಗೋ ತಿಳಿಸಬೇಕು.

ಮುಂದಿನ ಸಲ ಮದುವೆಯ ಮೆರವಣಿಗೆ ಮನೆಯ ಮುಂದೆ ಬಂದಾಗ ಮಕ್ಕಳು ವಾದ್ಯದವರನ್ನು ನೋಡಲಿ, ಮದುಮಗನನ್ನೂ ನೋಡಲಿ. ಜೊತೆಗೆ ಕುದುರೆಯ ಕಾಲುಗಳನ್ನೂ ಒಮ್ಮೆ ನೋಡಲಿ. ಅದು ಕುಂಟುತ್ತಿದ್ದರೆ, ಮಾಲೀಕನಿಗೆ ತಿಳಿಸಲು ಅದೇ ಸರಿಯಾದ ಸಮಯ.