ಹೊಟ್ಟೆಯೊಳಗಿನ ಚಿತ್ರ: ಕಿರಿಯ ವೈದ್ಯರ ಕಣ್ಣು ಪಳಗುವುದು ಹೇಗೆ?

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಗೆ ನಾವು ಹೋದದ್ದು ಬೇರೆ ಕೆಲಸಕ್ಕೆ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾಗ ಹಿರಿಯ ರೈತರೊಬ್ಬರು ಹುಬ್ಬಳ್ಳಿಯ ಆಸ್ಪತ್ರೆಯ ಚೀಟಿಯೊಂದನ್ನು ನಮ್ಮ ಮುಂದೆ ಹಿಡಿದರು. ತಿಂಗಳುಗಟ್ಟಲೆ ಹೊಟ್ಟೆ ಉರಿ. ಎಂಡೋಸ್ಕೋಪಿ ಮಾಡಿಸಬೇಕೆಂದು ಅದರಲ್ಲಿ ಬರೆದಿತ್ತು. "ಫಾದರ್, ಬಾಯಾಗ ಪೈಪ್ ಬಿಟ್ಟು ಹೊಟ್ಟಿ ನೋಡ್ತಾರಂತ್ರಿ. ನೋಡೋರು ಇನ್ನೂ ಸಣ್ಣ ಹುಡುಗ್ರು. ಒಳಗ ಏನೈತಿ ಅನ್ನೋದು ಅವರಿಗೆ ಹ್ಯಾಂಗ ಗೊತ್ತಾಕ್ಕೈತ್ರಿ?" ಎಂದು ಕೇಳಿದರು.

ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಧರ್ಮಕೇಂದ್ರಗಳಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ಕಾರ್ಯಕರ್ತರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು, ಅಂದರೆ ಜನರ ಬಾಯಲ್ಲಿ ಇನ್ನೂ 'ಕಿಮ್ಸ್' ಆಗಿಯೇ ಉಳಿದಿರುವ ಸಂಸ್ಥೆ, ಆರಂಭವಾದದ್ದು 1957ರಲ್ಲಿ. ಅದೇ ವರ್ಷ ಅಮೆರಿಕದ ಮಿಷಿಗನ್‌ನಲ್ಲಿ ಬೇಸಿಲ್ ಹಿರ್ಷೋವಿಟ್ಜ್ ಎಂಬ ವೈದ್ಯರು, ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳ ಕಟ್ಟಿನಿಂದ ಮಾಡಿದ ಬಾಗುವ ಕೊಳವೆಯನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡು ನೋಡಿದರು. ರೋಗಿಯ ಸರದಿ ಆಮೇಲೆ ಬಂತು. ಗಾಜಿನ ಎಳೆಗಳ ಮೂಲಕ ಚಿತ್ರ ಸಾಗಿಸಬಹುದೆಂದು 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಂದಿಗೆ ತೋರಿಸಿದವರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ. ಅಂತರ್ಜಾಲದ ಕೇಬಲ್ಲುಗಳೂ ಇದೇ ತತ್ವದ ಮೇಲೆ ನಡೆಯುತ್ತವೆ.

ಆದರೆ ಆ ಕೊಳವೆಯಲ್ಲಿ ಒಂದು ದೊಡ್ಡ ಕೊರತೆಯಿತ್ತು. ಒಮ್ಮೆಗೆ ಒಬ್ಬರೇ ಕಣ್ಣಿಟ್ಟು ನೋಡಬೇಕು. ಗುರು ನೋಡುವಾಗ ಶಿಷ್ಯ ಪಕ್ಕದಲ್ಲಿ ಸುಮ್ಮನೆ ನಿಲ್ಲಬೇಕು. ಶಿಷ್ಯ ಕಣ್ಣಿಡುವಷ್ಟರಲ್ಲಿ ಹೊಟ್ಟೆ ಅಲುಗಿ ದೃಶ್ಯವೇ ಬದಲಾಗಿರುತ್ತಿತ್ತು. ಬೆಳಕನ್ನು ಎರಡಾಗಿ ಸೀಳಿ ಇನ್ನೊಂದು ಕಣ್ಣಿಗೂ ಕೊಡುವ ಜೋಡಣೆ ಬಂದರೂ ಚಿತ್ರ ಮಂಕಾಗುತ್ತಿತ್ತು. 1983ರಲ್ಲಿ ಕೊಳವೆಯ ತುದಿಗೇ ಪುಟ್ಟ ಕ್ಯಾಮೆರಾ ಕೂರಿಸಿದ ವಿಡಿಯೋ ಎಂಡೋಸ್ಕೋಪ್ ಬಂದ ಮೇಲೆ ಇಡೀ ಕೋಣೆ ಒಂದೇ ಪರದೆಯನ್ನು ನೋಡುವಂತಾಯಿತು. "ಅದೋ, ಅಲ್ಲಿ" ಎಂದು ಬೆರಳು ತೋರಿಸಿ ಕಲಿಸಲು ಸಾಧ್ಯವಾಯಿತು.

ಇಷ್ಟಾದರೂ ನೋಡುವುದು ಬೇರೆ, ಗುರುತಿಸುವುದು ಬೇರೆ. ಆರಂಭದ ಜಠರ ಕ್ಯಾನ್ಸರ್ ಗಡ್ಡೆಯಂತೆ ಎದ್ದು ಕಾಣಬೇಕೆಂದಿಲ್ಲ. ತುಸು ಕೆಂಪಾದ ಅಥವಾ ತುಸು ಬಿಳಿಚಿಕೊಂಡ ಒಂದು ತೇಪೆ, ಒಂದಿಷ್ಟು ತಗ್ಗು, ಸಾಗುತ್ತಿದ್ದ ಮಡಿಕೆಯೊಂದು ಥಟ್ಟನೆ ನಿಂತದ್ದು, ಇಷ್ಟೇ ಸುಳಿವು ಇರಬಹುದು. 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಅನ್ನನಾಳ ಅಥವಾ ಜಠರದ ಕ್ಯಾನ್ಸರ್ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಅದಕ್ಕೆ ಮುಂಚಿನ ಮೂರು ವರ್ಷಗಳೊಳಗೆ ಎಂಡೋಸ್ಕೋಪಿ ಆಗಿತ್ತು. ಆಗ ರೋಗ ಕಣ್ಣಿಗೆ ಬಿದ್ದಿರಲಿಲ್ಲ. ಇದು ಮುಂದುವರಿದ ದೇಶಗಳನ್ನೂ ಸೇರಿಸಿಕೊಂಡ ಲೆಕ್ಕ. ಕಣ್ಣನ್ನು ಪಳಗಿಸುವ ಸಾಧನಗಳ ಅಗತ್ಯ ಇಲ್ಲಿದೆ.

ಅವುಗಳಲ್ಲಿ ಹಳೆಯದು ಚಿತ್ರಸಂಪುಟ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಗೋಡೆಗೆ ಅಂಟಿಸಿದ ಒಂದು ಹಾಳೆ. ರಕ್ತ ಸುರಿಯುವ ಹುಣ್ಣುಗಳನ್ನು 1974ರಲ್ಲಿ ಫಾರೆಸ್ಟ್ ಎಂಬವರು ವರ್ಗೀಕರಿಸಿದರು: ರಕ್ತ ಚಿಮ್ಮುತ್ತಿರುವುದು, ಜಿನುಗುತ್ತಿರುವುದು, ರಕ್ತನಾಳ ಬರಿದಾಗಿ ಕಾಣುವುದು, ಹೆಪ್ಪು ಅಂಟಿರುವುದು, ಕಪ್ಪು ಚುಕ್ಕೆ ಮಾತ್ರ ಇರುವುದು, ಕೊನೆಗೆ ತಳ ಶುಭ್ರವಾಗಿರುವುದು. ಮಾತಿನಲ್ಲಿ ಓದಿದರೆ ಇದೊಂದು ಪಟ್ಟಿ ಅಷ್ಟೇ. ಆರು ಚಿತ್ರಗಳನ್ನು ಸಾಲಾಗಿ ಇಟ್ಟರೆ, ರಾತ್ರಿ ಎರಡು ಗಂಟೆಗೆ ರಕ್ತ ವಾಂತಿ ಮಾಡಿಕೊಂಡು ಬಂದ ರೋಗಿಯ ಮುಂದೆ ನಿಂತ ಕಿರಿಯ ವೈದ್ಯನಿಗೆ ಅದೇ ದಾರಿ. ಚಿಮ್ಮುವ ರಕ್ತಕ್ಕೂ ಬರಿದಾದ ನಾಳಕ್ಕೂ ಕೂಡಲೇ ಕೊಳವೆಯ ಮೂಲಕವೇ ಚಿಕಿತ್ಸೆ ಆಗಬೇಕು. ತಳ ಶುಭ್ರವಾಗಿದ್ದರೆ ಸಾಮಾನ್ಯವಾಗಿ ಮಾತ್ರೆ ಸಾಕು. ಬರಿದಾದ ನಾಳವನ್ನು ಕಪ್ಪು ಚುಕ್ಕೆಯೆಂದು ತಿಳಿದು ಮನೆಗೆ ಕಳುಹಿಸಿದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ಹುಳಿತೇಗಿನಿಂದಾಗುವ ಅನ್ನನಾಳದ ಗಾಯಗಳಿಗೂ ಎಯಿಂದ ಡಿವರೆಗೆ ಇಂಥದೇ ಲಾಸ್ ಏಂಜಲೀಸ್ ವರ್ಗೀಕರಣವಿದೆ.

ಇನ್ನೊಂದು ಸಾಧನ ಚಿತ್ರ ತೆಗೆಯುವ ಕ್ರಮ. ನೆಲದಡಿ ಜೋಳ ತುಂಬಿಡುತ್ತಿದ್ದ ಹಗೇವು ಧಾರವಾಡ ಸೀಮೆಯ ಹಿರಿಯರಿಗೆ ಗೊತ್ತು; ಕರಾವಳಿಯ ನಮ್ಮ ಓದುಗರು ಕಂಡಿರಲಿಕ್ಕಿಲ್ಲ. ಕಿರಿದಾದ ಬಾಯಿ, ಒಳಗೆ ಅಗಲ. ಮೇಲಿನಿಂದ ಕಂದೀಲು ಇಳಿಸಿದರೆ ತಳ ಕಾಣುತ್ತದೆ, ಬಾಯಿಯ ಸುತ್ತಲಿನ ಒಳಗೋಡೆ ಕಾಣುವುದಿಲ್ಲ. ಜಠರವೂ ಹಾಗೆಯೇ. ಕೊಳವೆಯ ತುದಿಯನ್ನು ಒಳಗೆ ಕೊಕ್ಕೆಯಂತೆ ಹಿಂದಕ್ಕೆ ಬಾಗಿಸಿದರೆ ಮಾತ್ರ ತಾನು ಇಳಿದು ಬಂದ ಬಾಗಿಲು ಕಾಣುತ್ತದೆ. ಈ ಮೂಲೆಗಳು ತಪ್ಪಬಾರದೆಂದು 2001ರಲ್ಲಿ ಯುರೋಪಿನ ಎಂಡೋಸ್ಕೋಪಿ ಸಂಘ ಪ್ರತಿ ಪರೀಕ್ಷೆಯಲ್ಲೂ 8 ನಿಗದಿತ ಸ್ಥಳಗಳ ಚಿತ್ರ ತೆಗೆಯಲು ಹೇಳಿತು. ಜಪಾನಿನ ಕೆನ್ಶಿ ಯಾವೊ ಜಠರಕ್ಕೇ 22 ಚಿತ್ರಗಳ ಕ್ರಮ ರೂಪಿಸಿದರು. ಚಿತ್ರ ತೆಗೆಯಲೇಬೇಕೆಂದಾಗ ಆ ಮೂಲೆಗೆ ಹೋಗಲೇಬೇಕಾಗುತ್ತದೆ. ಮರುದಿನ ಹಿರಿಯ ವೈದ್ಯರು ಕುಳಿತು, ಯಾವ ಮೂಲೆ ಬಿಟ್ಟುಹೋಗಿದೆ ಎಂದು ತಿದ್ದಲೂ ಬರುತ್ತದೆ.

ಚಿತ್ರಗಳನ್ನು ತೋರಿಸುವ ರೀತಿಯಲ್ಲೂ ಒಂದು ಸೂಕ್ಷ್ಮವಿದೆ. ಹುಣ್ಣಿನ ಚಿತ್ರಗಳನ್ನೆಲ್ಲ ಒಮ್ಮೆ, ಕ್ಯಾನ್ಸರಿನವನ್ನೆಲ್ಲ ಇನ್ನೊಮ್ಮೆ ತೋರಿಸುವುದು ನಮ್ಮ ಪಾಠಶಾಲೆಗಳ ಪದ್ಧತಿ. ಆದರೆ 2008ರಲ್ಲಿ ಕಾರ್ನೆಲ್ ಮತ್ತು ಬ್ಯೋರ್ಕ್ ಎಂಬ ಮನಃಶಾಸ್ತ್ರಜ್ಞರು ಹಲವು ಕಲಾವಿದರ ಚಿತ್ರಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ ಪರೀಕ್ಷಿಸಿದಾಗ, ಬೆರಕೆಯಾಗಿ ನೋಡಿದ್ದೇ ಹೆಚ್ಚು ನೆಲೆ ನಿಂತಿತು. ವಿಚಿತ್ರವೆಂದರೆ ಒಂದೊಂದಾಗಿ ನೋಡಿದ್ದೇ ಚೆನ್ನಾಗಿ ತಲೆಗೆ ಹತ್ತಿತು ಎಂದು ಹೆಚ್ಚಿನವರು ಭಾವಿಸಿದ್ದರು. ಸೆಮಿನರಿಯಲ್ಲಿ ಓದಿದ ನಮಗೂ ಆ ಭ್ರಮೆಯ ಪರಿಚಯವಿದೆ.

ಇನ್ನು ಯಾರ ಹೊಟ್ಟೆಯ ಚಿತ್ರ ಎಂಬುದೂ ಮುಖ್ಯ. ನಾರ್ವೆ ದೇಶದವರು 2020ರಲ್ಲಿ ಹೈಪರ್‌ಕ್ವಾಸಿರ್ ಎಂಬ ಸಂಗ್ರಹವನ್ನು ಎಲ್ಲರಿಗೂ ತೆರೆದಿಟ್ಟರು; ಅದರಲ್ಲಿ 1,10,079 ಚಿತ್ರಗಳಿವೆ. ತಜ್ಞರು ಕುಳಿತು ಹೆಸರು ಹಚ್ಚಿದ್ದು ಮಾತ್ರ 10,662ಕ್ಕೆ. ಎಷ್ಟು ಚಿತ್ರ ಕೂಡಿಟ್ಟರೂ ಇದು ಇಂಥದು ಎಂದು ಹೇಳುವ ಅನುಭವಿ ಬೇಕೇ ಬೇಕು. ಅಲ್ಲದೆ ಬಮ್ಮಿಗಟ್ಟಿಯಂಥ ಊರಿನಿಂದ ಬರುವವರಲ್ಲಿ ಕಾಣುವ ಎಷ್ಟೋ ಸಂಗತಿಗಳು ಅಂಥ ಪುಸ್ತಕಗಳಲ್ಲಿ ಅಪರೂಪ. ಬರಿಗಾಲಲ್ಲಿ ಹೊಲಕ್ಕೆ ಹೋಗುವವರ ಸಣ್ಣಕರುಳಿಗೆ ಕಚ್ಚಿಕೊಂಡ ಕೊಕ್ಕೆಹುಳು, ರಕ್ತಹೀನತೆಯಿಂದ ಬಳಲುವ ಮಹಿಳೆಯರ ಗಂಟಲ ಕೆಳಗೆ ಬೆಳೆಯುವ ತೆಳು ಪರದೆ, ಕರುಳಿನ ಕ್ಷಯ. ಈ ಕ್ಷಯ ಮತ್ತು ಕ್ರೋನ್ಸ್ ಕಾಯಿಲೆ ನೋಡಲು ಒಂದೇ ಬಗೆ. ಅಡ್ಡಡ್ಡವಾದ ಹುಣ್ಣು ಕ್ಷಯದ ಕಡೆಗೂ, ಉದ್ದುದ್ದವಾದದ್ದು ಕ್ರೋನ್ಸ್ ಕಡೆಗೂ ಬೊಟ್ಟುಮಾಡುತ್ತವೆ, ಖಚಿತವಾಗಿ ಅಲ್ಲ. ಕ್ರೋನ್ಸ್ ಎಂದು ತಿಳಿದು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕೊಟ್ಟರೆ ಕ್ಷಯ ಉಲ್ಬಣಿಸುತ್ತದೆ. ಹೀಗಾಗಿ ನಮ್ಮ ಆಸ್ಪತ್ರೆಗಳು ತಮ್ಮದೇ ಚಿತ್ರಗಳನ್ನು, ಬಯಾಪ್ಸಿ ವರದಿಯೊಂದಿಗೆ ಜೋಡಿಸಿ, ರೋಗಿಯ ಒಪ್ಪಿಗೆ ಪಡೆದು, ಹೆಸರು ಅಳಿಸಿ ಇಟ್ಟುಕೊಳ್ಳುವುದು ಅಗತ್ಯವೆಂದು ನಮ್ಮ ಅಭಿಪ್ರಾಯ. ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಸೇವೆಯ ಪರಂಪರೆಯಲ್ಲಿ 1999ರಿಂದ ವೈದ್ಯಕೀಯ ಕಾಲೇಜೂ ಇರುವಾಗ, ಈ ಮಾತು ನಮ್ಮವರಿಗೂ ಸಲ್ಲುತ್ತದೆ.

ಕೈಯ ಅಭ್ಯಾಸಕ್ಕೆ ರಬ್ಬರಿನ ಮಾದರಿಗಳೂ ಕಂಪ್ಯೂಟರ್ ಯಂತ್ರಗಳೂ ಇವೆ. ಅವು ಕಣ್ಣಿಗಿಂತ ಕೈಗೆ ಹೆಚ್ಚು ಕಲಿಸುತ್ತವೆ.

ರೋಗಿಗಳ ಜೊತೆ ಹೋಗುವ ಕಾರ್ಯಕರ್ತರಿಗೆ ಒಂದೆರಡು ಮಾತು. ಹೊಟ್ಟೆಯಲ್ಲಿ ಅನ್ನ ಉಳಿದಿದ್ದರೆ ಎಂಥ ಪಳಗಿದ ಕಣ್ಣಿಗೂ ಏನೂ ಕಾಣದು. ಆಸ್ಪತ್ರೆ ಹೇಳಿದಷ್ಟು ಹೊತ್ತು ಉಪವಾಸವಿರಲಿ. ಹಳೆಯ ವರದಿ, ಚಿತ್ರಗಳನ್ನು ಒಯ್ಯಿರಿ. ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಮರೆಯದೆ ತಿಳಿಸಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದರಿಂದ ಅದನ್ನು ನುಂಗುತ್ತಿದ್ದರೆ ಅದನ್ನೂ ಹೇಳಿ.

ಬಮ್ಮಿಗಟ್ಟಿಯ ಆ ಹಿರಿಯರು ಹುಬ್ಬಳ್ಳಿಗೆ ಹೋಗಿ ಬಂದರು. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿದ್ದರಿಂದ ಎಚ್ಚರವಾಗಿಯೇ ಇದ್ದರಂತೆ. ಸಣ್ಣದೊಂದು ಹುಣ್ಣು, ತಳ ಶುಭ್ರ. 14 ದಿನದ ಮಾತ್ರೆ. ಕಿರಿಯ ವೈದ್ಯೆ ಪರದೆಯ ಚಿತ್ರವನ್ನು ಗೋಡೆಯ ಹಾಳೆಯ ಪಕ್ಕ ಹಿಡಿದು ಇವರಿಗೂ ತೋರಿಸಿದಳಂತೆ. "ನಮ್ಮ ಹಗೇವಿನಕಿಂತ ಚಲೋ ಬೆಳಕ ಐತ್ರಿ ಫಾದರ್" ಎಂದು ನಕ್ಕರು.